ಮೇಸ್ತ್ರಿಗೊಂದು ತೇಲುವ ಅಂಗಿ

ಅವನನ್ನು ಎಲ್ಲರೂ ಬಿಡಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ದೋಣಿಯ ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿತ್ತು. ಬಿಡಣ್ಣ ಎಂಬ ಹೆಸರು ಬಂದದ್ದು ಅವನ ಬಾಯಿಂದಲೇ. ಯಾವ ಜಗಳ ಬರಲಿ, ಯಾವ ನಷ್ಟ ಆಗಲಿ, ಅವನ ಕೊನೆಯ ಮಾತು ಒಂದೇ, "ಹೋಗ್ಲಿ ಬಿಡು." ಅಪ್ಪ ತೀರಿಕೊಂಡಾಗ ಮನೆಯಲ್ಲಿ ಎರಡು ದೋಣಿಗಳಿದ್ದವು. ಹೊಸ ಇಂಜಿನ್ನಿನ ದೊಡ್ಡ ದೋಣಿ ತನಗೇ ಬೇಕೆಂದ ತಮ್ಮ. ಹಿರಿಯ ಮಗ, ಬಾಯಿ ಬಿಟ್ಟು ಕೇಳಿದ್ದರೆ ನಾಲ್ಕು ಜನ ಅವನ ಪರವಾಗಿ ನಿಲ್ಲುತ್ತಿದ್ದರು. ಇವನು "ಹೋಗ್ಲಿ ಬಿಡು" ಎಂದು ಚಿಕ್ಕ ದೋಣಿಯನ್ನು ಬಿಚ್ಚಿಕೊಂಡು ಹೊರಟ. ಆಮೇಲೆ ತಮ್ಮನಿಗೆ ಮಕ್ಕಳಾಗಿ ಮನೆ ಸಾಲದೆ ಹೋಯಿತು. ಅದಕ್ಕೂ "ಹೋಗ್ಲಿ ಬಿಡು" ಎಂದ. ಹೀಗೆ ಬಿಡುತ್ತಾ ಬಿಡುತ್ತಾ ಕೊನೆಗೆ ಅವನ ಪಾಲಿಗೆ ಉಳಿದದ್ದು ದಡದ ಬೀದಿಯ ಕೊನೆಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ, ಆ ಚಿಕ್ಕ ದೋಣಿ ಮತ್ತು ಹೆಂಡತಿ.

"ನನ್ನೊಬ್ಬಳನ್ನ ಬಿಡ್ಲಿಲ್ಲ ನೋಡಿ" ಎನ್ನುತ್ತಿದ್ದಳು ಆಕೆ, ಬಟ್ಟೆ ಹೊಲಿಸಲು ಬಂದವರ ಹತ್ತಿರ. "ಅದೂ ಯಾರೂ ಕೇಳ್ಲಿಲ್ಲ ಅಂತ."

ಮಕ್ಕಳಿರಲಿಲ್ಲ. ಆ ಅರ್ಧ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಯಂತ್ರ ಇತ್ತು. ಆಚೆ ದಡದಲ್ಲಿ ಒಂದು ಪ್ಯಾಕಿಂಗ್ ಕಾರ್ಖಾನೆ. ಅಲ್ಲಿ ಕೆಲಸ ಮಾಡುವ ಹೆಂಗಸರ ಏಪ್ರನ್ನು, ಟೋಪಿಗಳನ್ನು ಇವಳು ಹೊಲಿದು ಕೊಡುತ್ತಿದ್ದಳು. ಅದೇ ಹೆಂಗಸರನ್ನು ಬೆಳಿಗ್ಗೆ ಆಚೆ ದಾಟಿಸಿ ಸಂಜೆ ಈಚೆ ತರುವುದು ಬಿಡಣ್ಣನ ಕೆಲಸ. ಹೊಳೆ ಅಲ್ಲಿ ಸಮುದ್ರ ಸೇರುವ ಮುಂಚೆ ಮೈ ಚಾಚಿಕೊಂಡು ಅಗಲವಾಗಿ ಮಲಗುತ್ತದೆ. ಮಲಗಿದೆ ಎಂದು ನಂಬಿದರೆ ಕೆಟ್ಟಿರಿ. ಇಳಿತದ ಹೊತ್ತಿನಲ್ಲಿ ಅಡಿಯಿಂದ ಅದು ಎಳೆಯುವ ಎಳೆತ ಗೊತ್ತಿರುವುದು ದೋಣಿಯವರಿಗೆ ಮಾತ್ರ.

ಒಂದು ಬೆಳಿಗ್ಗೆ ದೋಣಿಯ ಟಾರ್ಪಾಲು ಸರಿಸಿದಾಗ ಕೆಳಗೊಂದು ನಾಯಿಮರಿ ಮುದುಡಿಕೊಂಡಿತ್ತು. ಯಾರೋ ಬಿಟ್ಟು ಹೋಗಿದ್ದರು. ಅವನ ಬದುಕಿನಲ್ಲಿ ಬೇರೆಯವರು ಬಿಟ್ಟು, ಅವನು ಇಟ್ಟುಕೊಂಡದ್ದು ಅದೊಂದೇ. ಬೆಳೆಯುತ್ತ ಬೆಳೆಯುತ್ತ ಅದು ದೋಣಿಯ ಮುಂತುದಿಯಲ್ಲಿ ಕೂತು ಹತ್ತುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡತೊಡಗಿತು. ಎಲ್ಲರೂ ಒಂದೇ ಪಕ್ಕಕ್ಕೆ ಕೂತು ದೋಣಿ ವಾಲಿದರೆ ಬೊಗಳಿ ಎಬ್ಬಿಸುತ್ತಿತ್ತು. ತಾನು ಮಾತ್ರ ಒಂದು ಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ. ಕೆಲಸದವರ ಮೇಲೆ ನಿಗಾ ಇಡುವ ಈ ವೈಖರಿ ನೋಡಿ ಕಾರ್ಖಾನೆಯ ಹೆಂಗಸರೇ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟರು.

ಮೇಸ್ತ್ರಿ ಕೆಲಸಕ್ಕೆ ಇಳಿದದ್ದು ಒಂದು ತಪ್ಪಿನಿಂದ. ಆಚೆ ದಡದ ದೋಣಿಕಟ್ಟೆಯ ಹತ್ತಿರ ಸೆಳೆತ ಜಾಸ್ತಿ. ದೋಣಿಯನ್ನು ಎಷ್ಟು ಹತ್ತಿರ ತಂದರೂ ಅದು ಹಿಂದಕ್ಕೆ ಜಾರುತ್ತದೆ. ಒಬ್ಬ ಹಿಂದೆ ಇಂಜಿನ್ ಹಿಡಿದಿರಬೇಕು, ಇನ್ನೊಬ್ಬ ಮುಂದೆ ನಿಂತು ಕಟ್ಟೆಗೆ ಹಗ್ಗ ಎಸೆಯಬೇಕು. ಬಿಡಣ್ಣನ ಬಳಿ ಆ ಇನ್ನೊಬ್ಬ ಇರಲಿಲ್ಲ. ಒಂದು ದಿನ ಕಟ್ಟೆ ಹತ್ತಿರವಾಗುತ್ತಿದ್ದಂತೆ ಮೇಸ್ತ್ರಿ ಹೊಸ ಹಗ್ಗದ ತುದಿಯನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು. ಇಂಜಿನ್ ಬಿಟ್ಟು ಏಳುವಂತಿರಲಿಲ್ಲ. ಕೂತಲ್ಲಿಂದಲೇ ಗದರಿದ, "ಏ, ಬಿಡು. ಬಿಡು ಅಂದ್ರೆ." ಮೇಸ್ತ್ರಿ ಅವನ ಮುಖ ನೋಡಿತು, ಕಟ್ಟೆಯ ಕಡೆ ನೋಡಿತು, ಹಗ್ಗ ಕಚ್ಚಿಕೊಂಡೇ ನೀರಿಗೆ ಹಾರಿತು. ಈಜಿ ಹೋಗಿ ಕಟ್ಟೆಯ ಮೆಟ್ಟಿಲು ಹತ್ತಿ ನಿಂತಿತು. ಕಟ್ಟೆಯ ಕಾವಲುಗಾರ ಹಗ್ಗದ ನಡುವನ್ನು ಹಿಡಿದು ಗೂಟಕ್ಕೆ ಸುತ್ತಿದ. ದೋಣಿ ಸಲೀಸಾಗಿ ಬಂದು ನಿಂತಿತು. ಆದರೆ ಹಗ್ಗದ ತುದಿ ಮಾತ್ರ ಮೇಸ್ತ್ರಿಯ ಬಾಯಲ್ಲೇ ಇತ್ತು. ಬಿಡಣ್ಣ ಇಳಿದು ಬಂದು ತಲೆ ತಟ್ಟಿದ ಮೇಲೆಯೇ ಅದು ಹಗ್ಗ ಕೆಳಗಿಟ್ಟದ್ದು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಊರಿಗೆಲ್ಲ ಬಿಡು ಎಂದರೆ ಬಿಡುವುದು. ಮೇಸ್ತ್ರಿಗೆ ಮಾತ್ರ ಬಿಡು ಎಂದರೆ ಗಟ್ಟಿಯಾಗಿ ಹಿಡಿದುಕೊಂಡು ಹಾರುವುದು. ತಿದ್ದಬಹುದಿತ್ತು, ಆದರೆ ತಪ್ಪಿನಿಂದ ಅಷ್ಟು ಲಾಭವಾಗುತ್ತಿದ್ದರೆ ತಿದ್ದುವವರು ಯಾರು? ಬಿಡಣ್ಣ ಅದಕ್ಕೂ ಹೋಗ್ಲಿ ಎಂದ.

ಇದರಿಂದ ಅವನಿಗೆ ಒಂದು ಫಜೀತಿಯಾಯಿತು. ದಡದ ಮೇಲೆ ಆ ಮಾತು ಎಷ್ಟು ಸಲ ಬಂದರೂ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬೇರೆಯವರು ಬಿಡಣ್ಣಾ ಎಂದು ಕೂಗಿದರೂ ಅಷ್ಟೇ. ಆದರೆ ದೋಣಿಯಲ್ಲಿ, ಹಗ್ಗದ ಪಕ್ಕದಲ್ಲಿ ಕೂತಿರುವಾಗ, ಅವನ ಬಾಯಿಂದ ಆ ಎರಡಕ್ಷರ ಬಿದ್ದರೆ ಹೊಳೆಯ ನಡುವೆಯೂ ಹಾರಿಬಿಡುತ್ತಿತ್ತು. ಎರಡು ಸಲ ಹಾಗಾದ ಮೇಲೆ ಬಿಡಣ್ಣ ಒಂದು ಉಪಾಯ ಕಂಡುಕೊಂಡ. ದೋಣಿಯಲ್ಲಿ ಎಲ್ಲರಿಗೂ ಬಹುವಚನ. "ಹೋಗ್ಲಿ ಬಿಡಿ" ಎಂದರೆ ಮೇಸ್ತ್ರಿ ಕದಲುತ್ತಿರಲಿಲ್ಲ. ಹಾಗಾಗಿ ತಾಯಿಯ ತೊಡೆಯ ಮೇಲೆ ಕೂತು ಅಳುವ ಕೂಸಿಗೂ ಅವನು "ಅಳಬೇಡಿ, ಹೋಗ್ಲಿ ಬಿಡಿ" ಎನ್ನುತ್ತಿದ್ದ. ಇಂಥ ಮರ್ಯಾದಸ್ಥ ದೋಣಿಯವನು ಇಡೀ ಹೊಳೆಯಲ್ಲಿ ಇಲ್ಲ ಎಂದು ಹೊಸಬರು ಹೊಗಳುತ್ತಿದ್ದರು. ಹಳಬರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು.

ಬಹುವಚನಕ್ಕೆ ಒಗ್ಗದವಳು ಒಬ್ಬಳೇ, ಹೆಂಡತಿ. ಕಟ್ಟಿಕೊಂಡವಳಿಗೆ ನೀವು ತಾವು ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ಅವಳು ದೋಣಿ ಹತ್ತುವುದೇ ಅಪರೂಪ. ನೀರು ನೋಡಿದರೆ ತಲೆ ತಿರುಗುತ್ತದೆ ಎಂದು ಏಪ್ರನ್ನಿನ ಗಂಟನ್ನು ಇವನ ಕೈಯಲ್ಲೇ ಕಳಿಸುತ್ತಿದ್ದಳು. ಆದ್ದರಿಂದ ವರ್ಷಗಟ್ಟಲೆ ಏನೂ ತೊಂದರೆಯಾಗಲಿಲ್ಲ.

ವರ್ಷಗಳು ಮನುಷ್ಯರಿಗೆ ಒಂದು ಲೆಕ್ಕದಲ್ಲಿ ಬಂದರೆ ನಾಯಿಗಳಿಗೆ ಇನ್ನೊಂದು ಲೆಕ್ಕದಲ್ಲಿ ಬರುತ್ತವೆ. ಬಿಡಣ್ಣನ ಮೀಸೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣಿಸುವಷ್ಟರಲ್ಲಿ ಮೇಸ್ತ್ರಿಯ ಮೂತಿ ಪೂರ್ತಿ ಬೆಳ್ಳಗಾಗಿತ್ತು. ಒಂದು ದಿನ ಹಗ್ಗ ಕಚ್ಚಿ ಹಾರಿದ್ದು ಕಟ್ಟೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಮುಂಗಾಲುಗಳು ಬಡಿಯುತ್ತಿದ್ದವು, ಹಿಂಗಾಲುಗಳು ಬಡಿಯುತ್ತಿರಲಿಲ್ಲ. ಹಿಂಭಾಗ ಮೆಲ್ಲಗೆ ಕೆಳಗಿಳಿಯಿತು. ಕಾವಲುಗಾರ ಮೊಣಕಾಲುದ್ದ ನೀರಿಗಿಳಿದು ಕತ್ತಿನ ಪಟ್ಟಿ ಹಿಡಿದು ಎತ್ತದಿದ್ದರೆ ಅಂದೇ ಕಥೆ ಮುಗಿಯುತ್ತಿತ್ತು. ಪಶುವೈದ್ಯರು ಸೊಂಟ ಒತ್ತಿ ನೋಡಿ, ವಯಸ್ಸಿಗೆ ಔಷಧಿ ಇಲ್ಲ, ಇನ್ನು ನೀರಿಗೆ ಬಿಡಬೇಡಿ ಎಂದರು.

ಮಾರನೆಯ ದಿನ ಮೇಸ್ತ್ರಿಯನ್ನು ಮನೆಯಲ್ಲೇ ಕಟ್ಟಿ ಹೋದ. ಸಂಜೆ ಬಂದಾಗ ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ನಾಯಿ ಊಟ ಮುಟ್ಟಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಇಡೀ ದಿನ ಒಂದೇ ಸ್ವರದಲ್ಲಿ ಅತ್ತಿತ್ತು. ಹೀಗೇ ಮೂರ್ನಾಲ್ಕು ದಿನ ಕಳೆಯಿತು. ಆಮೇಲೆ ಕೊರಳ ಹಗ್ಗ ಕಚ್ಚಿ ಹರಿದುಕೊಂಡು ಬೀದಿಗೆ ಬಿದ್ದು, ಆಗಲೇ ಹೊರಟಿದ್ದ ದೋಣಿಯ ಹಿಂದೆ ನೀರಿಗಿಳಿಯಿತು. ಬಿಡಣ್ಣ ದೋಣಿ ತಿರುಗಿಸಿ ಬಂದು ಎತ್ತಿ ಹಾಕಿಕೊಂಡ. ದೋಣಿಯಲ್ಲಿ ಇಟ್ಟುಕೊಂಡರೆ ಒಂದು ಭಯ, ಬಿಟ್ಟು ಹೋದರೆ ಇನ್ನೊಂದು ಭಯ. ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಮನುಷ್ಯನಿಗೆ ಈ ಒಂದನ್ನು ಮುಗಿಸಲು ಯಾವ ಮಾತೂ ಇರಲಿಲ್ಲ. ರಾತ್ರಿಯಿಡೀ ಮಗ್ಗುಲು ಬದಲಾಯಿಸಿದ.

ಲೈಫ್ ಜಾಕೆಟ್ಟಿನ ಯೋಚನೆ ಹೆಂಡತಿಗೆ ಬಂತು. "ಮನುಷ್ಯರಿಗೆ ಇರತ್ತಲ್ಲ ತೇಲೋ ಅಂಗಿ, ನಾಯಿಗಳಿಗೂ ಬರತ್ತಂತೆ. ಕಾರ್ಖಾನೆಯವರು ಫೋನಲ್ಲಿ ತೋರಿಸಿದ್ರು."

"ನಾಯಿಗೆ ಅಂಗಿನಾ?"

"ಹಾಕ್ಕೊಳ್ಲಿ ಬಿಡಿ, ಅವನೂ ಒಂದು. ಹಾರೋದು ಬೇಡ. ಅಕಸ್ಮಾತ್ ಬಿದ್ರೆ ತೇಲ್ತಾ ಇರ್ಲಿ."

ಆಕೆ ಹೊಲಿಗೆಯ ಟೇಪು ತಂದು ಮೇಸ್ತ್ರಿಯ ಎದೆ, ಹೊಟ್ಟೆ, ಕತ್ತು ಅಳೆದಳು. ಮೇಸ್ತ್ರಿ ಅಳತೆ ಕೊಡಲು ಬಂದ ದೊಡ್ಡ ಮನುಷ್ಯನ ಗತ್ತಿನಲ್ಲಿ ನಿಂತಿತ್ತು. ಎದೆ ಅಗಲ, ಹೊಟ್ಟೆ ವಯಸ್ಸಿಗೆ ಬತ್ತಿ ಹೋಗಿತ್ತು. "ಯಾವ ಸೈಜಿಗೂ ಬರಲ್ಲ ಇವನು" ಎಂದು ಆಕೆ ಗೊಣಗಿದಳು.

ಅಂಗಡಿ ಇದ್ದದ್ದು ಈಚೆ ದಡದಲ್ಲೇ, ಹಿಂದಿನ ಬೀದಿಯಲ್ಲಿ. ಇಂಜಿನ್ ಎಣ್ಣೆ, ಬಣ್ಣದ ಡಬ್ಬಿ, ಸುರುಳಿ ಸುತ್ತಿದ ಹಗ್ಗ, ಇವುಗಳ ನಡುವೆ ದಪ್ಪ ಕನ್ನಡಕದ ಅಂಗಡಿಯಾಕೆ. ರಜೆಗೆ ದೋಣಿ ವಿಹಾರಕ್ಕೆ ಬರುವವರು ಕೇಳುತ್ತಾರೆಂದು ನಾಯಿಗಳ ಜಾಕೆಟ್ಟುಗಳನ್ನೂ ಮೇಲಿನ ಹಲಗೆಯಲ್ಲಿ ಇಟ್ಟಿದ್ದಳು. ಮೇಸ್ತ್ರಿಯ ಅಳತೆಗೆ ಹತ್ತಿರ ಬರುವಂಥವು ಎರಡೇ ಇದ್ದವು. ಮೇಜಿನ ಮೇಲೆ ಹರಡಿದಳು.

ಒಂದು ಕಿತ್ತಳೆ ಬಣ್ಣದ್ದು. ಬೆನ್ನಿನ ಮೇಲೆ ಚೀಲಕ್ಕಿರುವಂಥ ದಪ್ಪನೆಯ ಹಿಡಿ, ಹೊಟ್ಟೆಯ ಕೆಳಗೆ ಎರಡು ಪಟ್ಟಿ. ಇನ್ನೊಂದು ಹಳದಿ. ಅದಕ್ಕೆ ಹಿಡಿ ಇರಲಿಲ್ಲ, ಕತ್ತಿನ ಕೆಳಗೆ ಒಂದು ಪುಟ್ಟ ದಿಂಬು ಹೊಲಿದಿದ್ದರು.

"ಹಿಡಿ ಇರೋದು ತಗೊಂಡ್ರೆ ನಾಯೀನ ನೀರಿಂದ ಸಟಕ್ಕಂತ ಎತ್ತಬಹುದು" ಎಂದಳು ಅಂಗಡಿಯಾಕೆ. "ದಿಂಬಿಂದು ತಗೊಂಡ್ರೆ ತಲೆ ನೀರೊಳಗೆ ಹೋಗಲ್ಲ. ಎತ್ತೋದು ಮಾತ್ರ ಕಷ್ಟ. ಎರಡೂ ಇರೋದು ಬರತ್ತೆ, ನನ್ನ ಹತ್ರ ಇಲ್ಲ. ನಿಮ್ಮ ನಾಯಿ ಬೀಳತ್ತಾ, ಹಾರತ್ತಾ?"

"ಹಾರ್ತಿತ್ತು" ಎಂದ ಬಿಡಣ್ಣ. "ಈಗ ಹಾರಲ್ಲ. ನಾನು ಹೇಳೋದು ನಿಲ್ಲಿಸಿದೀನಿ."

ಹೆಂಡತಿ ದಿಂಬನ್ನು ಒತ್ತಿ ನೋಡುತ್ತಿದ್ದಳು. "ಇದೇ ತಗೊಳ್ಳೋಣ ಕಣ್ರೀ. ಮೂಗು ಮೇಲಿದ್ರೆ ತಾನೆ ಉಸಿರು? ಆ ಕಿತ್ತಳೆದು ನೋಡಿ, ಪಟ್ಟಿ ಕಂಕುಳಿಗೆ ಒತ್ತತ್ತೆ. ದಿನಾ ಬಟ್ಟೆ ಹೊಲಿಯೋಳು ನಾನು, ನನಗೆ ಗೊತ್ತಾಗಲ್ವಾ?"

ಬಿಡಣ್ಣ ಕಿತ್ತಳೆಯ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ ನೋಡಿದ. ಇಳಿಸಿದ. ಮತ್ತೆ ಎತ್ತಿದ. ಅವನ ಕಣ್ಣ ಮುಂದೆ ಇದ್ದದ್ದು ಅಂದಿನ ದೃಶ್ಯ, ಹಿಂಭಾಗ ಮುಳುಗುತ್ತಿರುವ ನಾಯಿ ಮತ್ತು ಹಿಡಿಯಲು ಏನೂ ಸಿಗದ ತನ್ನ ಕೈ. "ನಾನು ಪಕ್ಕದಲ್ಲೇ ಇರ್ತೀನಲ್ಲ" ಎಂದ. "ಬಿದ್ದ ತಕ್ಷಣ ಹಿಡಿದು ಎತ್ತಿಬಿಡ್ತೀನಿ. ಹಿಡಿ ಇರೋದೇ ಬೇಕು."

"ನೀವು ದೂರ ಇದ್ರೆ?"

"ನಾನ್ಯಾಕೆ ದೂರ ಇರ್ತೀನಿ? ಹಿಡಿ ಇರೋದೇ ಬೇಕು."

ಹೆಂಡತಿ ಅವನನ್ನೇ ಒಂದು ಕ್ಷಣ ನೋಡಿದಳು. ದೊಡ್ಡ ದೋಣಿ ಹೋದಾಗ, ಮನೆ ಹೋದಾಗ ಹಟ ಮಾಡದವನು ಒಂದು ನಾಯಿಯ ಅಂಗಿಗೆ ಹಟ ಹಿಡಿದು ನಿಂತಿದ್ದ. ಆಕೆಗೆ ನಗು ಬಂತು, ಏನೋ ಒಂದು ಬಗೆಯ ಹಿಗ್ಗೂ ಆಯಿತು. ಇಷ್ಟು ವರ್ಷಕ್ಕೆ ಒಂದು ಸಲವಾದರೂ ಬೇಕು ಎಂದನಲ್ಲ ಎಂದುಕೊಂಡು ತಾನೇ ಸೋತಳು. "ಆಯ್ತು, ಹಿಡಿ ಇರೋದೇ ಕೊಡಿ" ಎಂದು ಅಂಗಡಿಯಾಕೆಗೆ ಹೇಳಿದಳು.

ಮೊದಲ ದಿನ ಅಂಗಿ ಹಾಕಿದಾಗ ಮೇಸ್ತ್ರಿ ಕಲ್ಲಿನ ಹಾಗೆ ನಿಂತುಬಿಟ್ಟಿತು. ಯಾರೋ ತನ್ನನ್ನು ಹಿಡಿದುಕೊಂಡಿದ್ದಾರೆ ಎಂದೇ ಅದರ ಎಣಿಕೆ. ಕಾರ್ಖಾನೆಯ ಹೆಂಗಸರು, ಮೇಸ್ತ್ರಿಗೆ ಯೂನಿಫಾರ್ಮ್ ಬಂತು, ಇನ್ನು ಸಂಬಳವೂ ಬರುತ್ತದೆ ಎಂದು ನಕ್ಕರು. ಎರಡು ದಿನದಲ್ಲಿ ಅಭ್ಯಾಸವಾಯಿತು. ಮುಂತುದಿಯಲ್ಲಿ ಹಗ್ಗದ ಪಕ್ಕ ಕಿತ್ತಳೆ ಬಣ್ಣದಲ್ಲಿ ಕೂತು ಅದು ಮತ್ತೆ ಮೇಸ್ತ್ರಿಕೆ ಶುರುಮಾಡಿತು. ಬಿಡಣ್ಣನೂ ಹಗುರಾದ.

ಕಷ್ಟ ಇದ್ದದ್ದು ಆಚೆ ದಡ ಬಂದಾಗ. ಈಗ ಹಗ್ಗ ಎಸೆಯುವವನು ಬಿಡಣ್ಣನೇ. ಇಂಜಿನ್ನಿನ ಹಿಡಿಕೆಯನ್ನು ಒಂದು ಕುಣಿಕೆಯಿಂದ ಬಿಗಿದು, ಜನರನ್ನು ದಾಟಿ ಮುಂದೆ ಓಡಿ, ಕಾವಲುಗಾರನತ್ತ ಎಸೆಯುತ್ತಿದ್ದ. ಎಷ್ಟೋ ಸಲ ಅದು ನೀರಿಗೆ ಬೀಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಎದ್ದು ನಿಲ್ಲುತ್ತಿತ್ತು. ಹಗ್ಗ ನೋಡಿ, ಕಟ್ಟೆ ನೋಡಿ, ಕೊನೆಗೆ ಅವನ ಬಾಯನ್ನೇ ನೋಡುತ್ತ ಕಾಯುತ್ತಿತ್ತು. ಆ ಮಾತು ಬರುತ್ತಿರಲಿಲ್ಲ. ಬಿಡಣ್ಣ ಬೇರೆ ಕಡೆ ಮುಖ ತಿರುಗಿಸುತ್ತಿದ್ದ. ಮೇಸ್ತ್ರಿ ಮತ್ತೆ ಕೂರುತ್ತಿತ್ತು. ಕೆಲಸ ಕಳೆದುಕೊಂಡವನ ಮುಖ ನೋಡುವುದು ಯಾರಿಗೂ ಬೇಡ, ಅದರಲ್ಲೂ ಆ ಕೆಲಸ ಕಿತ್ತುಕೊಂಡವರು ನೀವೇ ಆಗಿದ್ದರೆ.

ಹೀಗೆ ಕೆಲವು ತಿಂಗಳು ಹೋಯಿತು. ಕಾರ್ಖಾನೆಯವರು ಏಪ್ರನ್ನಿನ ಅಳತೆ ಬದಲಾಯಿಸಿದರು. ಖುದ್ದಾಗಿ ಬಂದು ನೋಡಿಕೊಂಡು ಹೋಗಿ ಎಂದು ಹೆಂಡತಿಗೆ ಹೇಳಿ ಕಳಿಸಿದರು. ಆಕೆ ಟೇಪು, ಕತ್ತರಿ, ಒಂದೆರಡು ಮಾದರಿ ಏಪ್ರನ್ನು ಚೀಲದಲ್ಲಿ ಹಾಕಿಕೊಂಡು ಗಟ್ಟಿ ಮನಸ್ಸು ಮಾಡಿ ದೋಣಿ ಹತ್ತಿದಳು. ನೀರು ನೋಡಬಾರದೆಂದು ಮೇಸ್ತ್ರಿಯನ್ನೇ ನೋಡುತ್ತ ಅದರ ಪಕ್ಕದಲ್ಲಿ ಕೂತಳು. ನೋಡುತ್ತ ಕೂತವಳು ಸುಮ್ಮನಿರಬೇಕಲ್ಲ. ಪಟ್ಟಿ ಸರಿಸಿ ಕಂಕುಳು ನೋಡಿದಳು. ಕೂದಲು ಉದುರಿ ಚರ್ಮ ಕೆಂಪಾಗಿತ್ತು.

ದೋಣಿ ಆಗ ಹೊಳೆಯ ಮುಕ್ಕಾಲು ದಾಟಿತ್ತು. ಇಳಿತದ ಹೊತ್ತು. ಇಂಜಿನ್ನಿನ ಸದ್ದಿನ ಮೇಲೆ ಆಕೆ ಮುಂದಿನಿಂದಲೇ ಕೂಗಿ ಹೇಳಿದಳು, "ರೀ, ಇಲ್ಲಿ ನೋಡಿ, ಹೇಗೆ ಕೆಂಪಾಗಿದೆ. ಅವತ್ತೇ ಬಡ್ಕೊಂಡೆ, ದಿಂಬಿಂದು ತಗೊಳ್ಳಿ ಅಂತ. ನನ್ನ ಮಾತು ಎಲ್ಲಿ ಕೇಳ್ತೀರಿ?"

ಜನರೆಲ್ಲ ಬಿಡಣ್ಣನ ಕಡೆ ತಿರುಗಿದರು. ಅವನಿಗೆ ಮುಜುಗರವಾಯಿತು. ಅವಳು ಹೇಳಿದ್ದು ಸರಿ ಎಂಬುದೂ ಹೊಳೆದಿತ್ತು, ಅದರಿಂದ ಮುಜುಗರ ಇನ್ನಷ್ಟು ಹೆಚ್ಚಾಯಿತು. "ಮನೆಗೆ ಹೋಗಿ ಮಾತಾಡೋಣ" ಎಂದ.

"ಮನೆಗೆ ಹೋದ್ರೆ ನೀವು ಮರೀತೀರಿ. ಇವತ್ತೇ ಸಂಜೆ ಬದಲಾಯಿಸ್ಕೊಂಡು ಬರೋಣ. ಪಾಪ, ಬಾಯಿ ಬರಲ್ಲ ಅದಕ್ಕೆ."

"ಆಯ್ತು ಕಣೇ" ಎಂದ ಬಿಡಣ್ಣ. ಆಮೇಲೆ, ಅಪ್ಪ ಸತ್ತ ದಿನದಿಂದ ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡಿದ್ದ ಆ ಮಾತು, ಯಾರನ್ನೂ ಕೇಳದೆ ತಾನಾಗಿ ಹೊರಗೆ ಬಂತು. "ಹೋಗ್ಲಿ ಬಿಡು."

ಆಡಿದ ಕೂಡಲೇ ಅವನಿಗೆ ಗೊತ್ತಾಯಿತು. ಎದ್ದು ನಿಂತ. ಅಷ್ಟರಲ್ಲಿ ಮೇಸ್ತ್ರಿಯೂ ಎದ್ದಿತ್ತು. ತಿಂಗಳುಗಟ್ಟಲೆ ಕಾದ ಮಾತು ಅದು. ಬಾಲ ಒಮ್ಮೆ ಅಲ್ಲಾಡಿತು. ಹಗ್ಗದ ತುದಿಯನ್ನು ಕಚ್ಚಿಕೊಂಡು, ಹೆಂಡತಿ ಚಾಚಿದ ಕೈಯ ಕೆಳಗಿನಿಂದಲೇ ನುಸುಳಿ ಹೊಳೆಗೆ ಹಾರಿತು.

ಬಿಡಣ್ಣ ಮೊದಲು ಇಂಜಿನ್ ನಿಲ್ಲಿಸಿದ. ನೀರೊಳಗೆ ತಿರುಗುವ ಇಂಜಿನ್ನಿನ ರೆಕ್ಕೆಗೆ ನಾಯಿ ಸಿಕ್ಕಿಕೊಂಡರೆ ಚೂರು ಚೂರು, ಹಗ್ಗ ಸಿಕ್ಕಿಕೊಂಡರೂ ಅಷ್ಟೇ. ಇಂಜಿನ್ ನಿಂತದ್ದೇ ದೋಣಿಯನ್ನು ಇಳಿತ ತನ್ನ ವಶಕ್ಕೆ ತೆಗೆದುಕೊಂಡಿತು. ಮೇಸ್ತ್ರಿ ಕಟ್ಟೆಯ ಕಡೆ ಈಜುತ್ತಿತ್ತು, ದೋಣಿ ಸಮುದ್ರದ ಕಡೆ ಸರಿಯುತ್ತಿತ್ತು. ನಡುವೆ ಹಗ್ಗ ಬಿಚ್ಚಿಕೊಳ್ಳುತ್ತ ಹೋಗಿ ಕೊನೆಗೆ ಬಿಗಿಯಿತು. ಮೇಸ್ತ್ರಿಯ ತಲೆ ಹಿಂದಕ್ಕೆ ಎಳೆಯಲ್ಪಟ್ಟು ನೀರೊಳಗೆ ಹೋಯಿತು. ಅಂಗಿ ತನ್ನ ಕೆಲಸ ಮಾಡುತ್ತಿತ್ತು, ಬೆನ್ನು ತೇಲುತ್ತಿತ್ತು. ಬೆನ್ನಿನ ಮೇಲೆ ಆ ಹಿಡಿ ಎದ್ದು ಕಾಣುತ್ತಿತ್ತು. ತಲೆಯನ್ನು ಎತ್ತಿ ಹಿಡಿಯುವಂಥದು ಮಾತ್ರ ಏನೂ ಇರಲಿಲ್ಲ.

ಮುಂದಕ್ಕೆ ಓಡಿ ಬಿಡಣ್ಣ ಹಗ್ಗ ಜಗ್ಗಿದ, ನಾಯಿಯನ್ನೇ ದೋಣಿಗೆ ಎಳೆದುಕೊಳ್ಳೋಣ ಎಂದು. ಜಗ್ಗಿದಷ್ಟೂ ತಲೆ ಒಳಗೆ ಹೋಯಿತು. ಕೈ ಸಡಿಲ ಬಿಟ್ಟ. ತಲೆ ಮೇಲೆ ಬಂತು, ಹಗ್ಗ ಬಾಯಲ್ಲೇ ಇತ್ತು. ಕೊಕ್ಕೆಯ ಕೋಲು ಚಾಚಿದ, ಹಿಡಿಗೆ ಎಟುಕಲಿಲ್ಲ. ಈಜು ಬಾರದವರೆಲ್ಲ ಸಲಹೆ ಕೊಡುತ್ತಿದ್ದರು. ಬಿಡಣ್ಣ ಅಂಗಿಯ ಗುಂಡಿಗೆ ಕೈ ಹಾಕಿದ. ಹೆಂಡತಿ ಅವನ ತೋಳು ಹಿಡಿದಳು.

"ಇಷ್ಟು ಜನರನ್ನ ಯಾರ ಕೈಗೆ ಕೊಟ್ಟು ಹಾರ್ತೀರಿ?"

ದೋಣಿಯಲ್ಲಿ ಇಂಜಿನ್ ಗೊತ್ತಿದ್ದವನು ಅವನೊಬ್ಬನೇ. ನಾಯಿ ಹಗ್ಗ ಒಂದು ಬಿಟ್ಟರೆ ಸಾಕಿತ್ತು, ತೇಲಿಕೊಂಡು ದಡ ಸೇರುತ್ತಿತ್ತು. ಅದನ್ನು ಹೇಳುವುದು ಹೇಗೆ? ಹತ್ತಿರ ಇದ್ದಿದ್ದರೆ ತಲೆ ತಟ್ಟಬಹುದಿತ್ತು. ದೂರದಿಂದ ಹೇಳಲು ಅವನಿಗೆ ಗೊತ್ತಿದ್ದದ್ದು ಒಂದೇ ಮಾತು. ಅದನ್ನು ಹೇಳಬಾರದು ಎಂದು ಗೊತ್ತಿದ್ದೂ, ಬೇರೆ ಏನೂ ಬಾಯಿಗೆ ಬಾರದೆ, ಅವನು ಕೂಗಿದ. "ಬಿಡೋ, ಬಿಡು. ಬಿಡು ಮೇಸ್ತ್ರಿ."

ಯಜಮಾನ ಕೂಗಿ ಹೇಳುತ್ತಿದ್ದಾನೆ. ಮೇಸ್ತ್ರಿ ಹಲ್ಲು ಇನ್ನಷ್ಟು ಬಿಗಿದು, ಇಡೀ ದೋಣಿಯನ್ನು, ಅದರಲ್ಲಿದ್ದ ಜನರನ್ನು, ಕಟ್ಟೆಗೆ ಎಳೆಯತೊಡಗಿತು.

ಬಿಡಣ್ಣ ದೋಣಿಗೆ ಹಗ್ಗ ಕಟ್ಟಿದ ಕಬ್ಬಿಣದ ಬಳೆಯ ಹತ್ತಿರ ಕುಸಿದ. ಗಂಟು ನೀರು ಕುಡಿದು ಊದಿತ್ತು, ಉಗುರು ಕಿತ್ತುಬಂದರೂ ಬಿಚ್ಚಲಿಲ್ಲ. ಹೆಂಡತಿ ಚೀಲದಿಂದ ಕತ್ತರಿ ತೆಗೆದಳು. ಬಟ್ಟೆಯ ಕತ್ತರಿ ಅದು, ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಇಬ್ಬರೂ ಸೇರಿ ಎಳೆ ಎಳೆಯಾಗಿ ಹಗ್ಗ ಕತ್ತರಿಸಿದರು. ಕೊನೆಯ ಎಳೆ ಹೋದಾಗ ಹಗ್ಗ ಹಾವಿನಂತೆ ಜಾರಿ ನೀರಿಗೆ ಬಿತ್ತು.

ಎಳೆತ ತಪ್ಪಿದ ಮೇಸ್ತ್ರಿ ಮುಂದಕ್ಕೆ ಹೋಯಿತು. ಮುಂಗಾಲುಗಳನ್ನು ಬಡಿಯುತ್ತ, ಮುಳುಗುತ್ತ ಏಳುತ್ತ, ಹಿಂದೆ ದೋಣಿಯೇ ಇಲ್ಲದ ಹಗ್ಗವನ್ನು ಎಳೆದುಕೊಂಡು ಕಟ್ಟೆಯತ್ತ ಹೋಯಿತು. ಬಿಡಣ್ಣ ನೋಡುತ್ತ ನಿಂತಿದ್ದ. ತೇಲುತ್ತಿದ್ದ ಹಗ್ಗ ದೂರವಾಗುವವರೆಗೆ ಇಂಜಿನ್ ಹಚ್ಚುವಂತಿರಲಿಲ್ಲ. ಹಚ್ಚಲು ಹೋದಾಗ ಅದು ಕೆಮ್ಮಿ ಕೆಮ್ಮಿ ನಿಂತಿತು. ಕಟ್ಟೆ ಚಿಕ್ಕದಾಗುತ್ತ ಹೋಯಿತು. ಕಿತ್ತಳೆಯ ಒಂದು ಚುಕ್ಕೆ ಮೆಟ್ಟಿಲ ಹತ್ತಿರ ತಲುಪಿದ್ದು, ಕಾವಲುಗಾರ ಬಗ್ಗಿದ್ದು, ಚುಕ್ಕೆ ನೀರಿನಿಂದ ಮೇಲೆದ್ದದ್ದು ಕಾಣಿಸಿತು. ದೋಣಿಯಲ್ಲಿ ಯಾರೋ "ಬದುಕ್ತು" ಎಂದರು. ಹೆಂಡತಿ ಅಲ್ಲೇ ಕೂತು ಜೋರಾಗಿ ಅತ್ತಳು. ಬಿಡಣ್ಣ ಅಳಲಿಲ್ಲ, ಅವನ ಕೈ ಮಾತ್ರ ಇಂಜಿನ್ನಿನ ದಾರ ಜಗ್ಗುತ್ತಲೇ ಇತ್ತು.

ಇಂಜಿನ್ ಹಿಡಿದು, ಮರಳ ದಿಬ್ಬ ಸುತ್ತಿ, ಇನ್ನೊಂದು ತುಂಡು ಹಗ್ಗದಿಂದ ದೋಣಿ ಕಟ್ಟಿ ಇಳಿಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಮೇಸ್ತ್ರಿ ಕಟ್ಟೆಯ ಕಲ್ಲಿನ ಮೇಲೆ ಪಕ್ಕಕ್ಕೆ ಮಲಗಿತ್ತು. ಹೊಟ್ಟೆ ಬೇಗ ಬೇಗ ಏಳುತ್ತ ಇಳಿಯುತ್ತಿತ್ತು. ಬಾಯಲ್ಲಿ ಹಗ್ಗ.

"ಆ ಹಿಡಿ ಇತ್ತಲ್ಲ, ಅದಕ್ಕೇ ಕೈಗೆ ಸಿಕ್ಕಿದ್ದು" ಎಂದ ಕಾವಲುಗಾರ. "ನೀರು ಬಹಳ ಕುಡಿದಿದೆ. ಒಂದಷ್ಟು ಕಾರಿತು. ಆದ್ರೆ ಹಗ್ಗ ಮಾತ್ರ ಬಿಡ್ತಾ ಇಲ್ಲ ಬಿಡಣ್ಣ. ಎಷ್ಟು ಹೇಳಿದೆ. ಬಾಯಿ ಬಿಡಿಸಿ ನೋಡಿದೆ, ಗುರ್ ಅನ್ನತ್ತೆ."

ಬಿಡಣ್ಣ ಒದ್ದೆ ಕಲ್ಲಿನ ಮೇಲೆ ಕೂತು ಅದರ ತಲೆಯನ್ನು ತೊಡೆಗೆ ಎಳೆದುಕೊಂಡ. ತಲೆ ತಟ್ಟಿದ. ಅಷ್ಟಕ್ಕೇ ಯಾವಾಗಲೂ ಬಿಡುತ್ತಿತ್ತು. ಈ ಸಲ ಬಿಡಲಿಲ್ಲ. ಕಣ್ಣು ಮಾತ್ರ ಅವನ ಕಡೆ ತಿರುಗಿತು. ಮತ್ತೆ ತಟ್ಟಿದ. ಕೈಯ ಕೆಳಗೆ ಅದರ ಉಸಿರು ಹಿಡಿಯುತ್ತ, ನಿಲ್ಲುತ್ತ, ಮತ್ತೆ ಹಿಡಿಯುತ್ತ ಇತ್ತು. ಹೆಂಡತಿ ಪಟ್ಟಿಗಳನ್ನು ಬಿಚ್ಚಿ ಅಂಗಿ ಸಡಿಲಿಸಿದಳು. ಕಂಕುಳಿನ ಕೆಂಪು ಗಾಯ ಈಗ ತೊಳೆದು ಬೆಳ್ಳಗಾಗಿತ್ತು.

"ಪಶುವೈದ್ಯರಿಗೆ ಹೇಳಿ ಕಳಿಸ್ಲಾ?" ಎಂದು ಕಾವಲುಗಾರ ಕೇಳಿದ. ಅವನು ತಾನೇ ಕಾರ್ಖಾನೆಯ ಒಬ್ಬಳನ್ನು ವೈದ್ಯರ ಬಳಿಗೆ ಓಡಿಸಿ ಬಂದ.

ಬಿಡಣ್ಣನಿಗೆ ಏನೂ ತೋಚಲಿಲ್ಲ. ಇಂಥ ಹೊತ್ತಿನಲ್ಲಿ ಆಡಲು ಅವನ ಬಳಿ ಇದ್ದದ್ದು 'ಹೋಗ್ಲಿ ಬಿಡು' ಒಂದೇ. ಅಪ್ಪನ ಹೆಣದ ಮುಂದೆ, ತಮ್ಮನ ಮುಂದೆ, ಖಾಲಿಯಾದ ಮನೆಯ ಮುಂದೆ ಅದನ್ನೇ ಆಡಿದ್ದ. ಈಗ ಅದು ಗಂಟಲಿಗೆ ಬಂತು. ಅವನು ನುಂಗಿದ. ಬಗ್ಗಿ, ಬೆಳ್ಳಗಾದ ಮೂತಿಗೆ ಮುಖ ತಾಗಿಸಿ, ಜನ್ಮದಲ್ಲಿ ಯಾರಿಗೂ ಯಾವುದಕ್ಕೂ ಹೇಳದ ಮಾತು ಹೇಳಿದ.

"ಬಿಡಬೇಡ ಕಣೋ. ನನ್ನ ಬಿಡಬೇಡ."

ಮೇಸ್ತ್ರಿ ಕಿವಿ ಎತ್ತಿತು. ಅದು ಎಂದೂ ಕೇಳದ ಮಾತು. ಸ್ವಲ್ಪ ಹೊತ್ತಾದ ಮೇಲೆ ದವಡೆ ಸಡಿಲಾಗಿ, ಹಗ್ಗದ ತುದಿ ಜಾರಿ ಕಲ್ಲಿನ ಮೇಲೆ ಬಿತ್ತು.

"ಅಬ್ಬ, ಅಂತೂ ಬಿಡ್ತು ನೋಡಿ" ಎಂದ ಕಾವಲುಗಾರ ಖುಷಿಯಿಂದ. ಹಗ್ಗ ಎತ್ತಿಕೊಂಡು, ಮರಳು ಕೊಡವಿ, ಅಭ್ಯಾಸಬಲದಿಂದ ಗೂಟಕ್ಕೆ ಸುತ್ತತೊಡಗಿದ.

ಬಿಡಣ್ಣನ ಒಂದು ಕೈ ಮೇಸ್ತ್ರಿಯ ಎದೆಯ ಮೇಲಿತ್ತು, ಅದರ ಕೆಳಗೆ ಎದೆ ಏಳುವುದು ನಿಂತಿತ್ತು. ಅವನು ಅದನ್ನು ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಅಂಗಿಯ ಬೆನ್ನ ಮೇಲಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದ. ಹೆಂಡತಿ ನೋಡಿದಳು, ತಿಳಿದುಕೊಂಡಳು, ಪಕ್ಕದಲ್ಲಿ ಬಂದು ಕೂತಳು. ಈಚೆ ದಡಕ್ಕೆ ಹೋಗಬೇಕಾದವರು ಆಗಲೇ ಬಂದು ದೋಣಿಯಲ್ಲಿ ಕೂರುತ್ತಿದ್ದರು. ಎಲ್ಲರೂ ಒಂದೇ ಪಕ್ಕಕ್ಕೆ ಕೂತು ದೋಣಿ ವಾಲಿತ್ತು.